ಹಳೆ ಸಿನಿಮಾವನ್ನು ಬ್ಲೂ-ರೇಗೆ ತರುವುದು ಹೇಗೆ? ನೆಗೆಟಿವ್ ಡಬ್ಬದಿಂದ ಡಿಸ್ಕ್‌ವರೆಗೆ ಒಂದು ಸಮಗ್ರ ಮಾರ್ಗದರ್ಶಿ

'ಎಚ್‌ಡಿ' ಅಂತ ಹಣೆಪಟ್ಟಿ ಹಚ್ಚಿಕೊಂಡು ಓಡಾಡುವ ಹಳೆ ಸಿನಿಮಾಗಳಲ್ಲಿ ಎಷ್ಟೋ ಟಿವಿ ಚಾನೆಲ್ಲಿನ ಹಳೆ ಟೇಪನ್ನು ಹಿಗ್ಗಿಸಿದವು. ಟೇಪಿನಲ್ಲಿ ಇರುವುದು 576 ಗೆರೆ. ಅದನ್ನು 1080ಕ್ಕೆ ಎಳೆದರೆ ಮುಖ ದೊಡ್ಡದಾಗುತ್ತದೆ, ವಿವರ ಹುಟ್ಟುವುದಿಲ್ಲ. ಅದೇ ಸಿನಿಮಾದ 35 ಎಂಎಂ ನೆಗೆಟಿವ್‌ನಲ್ಲಿ (ಕ್ಯಾಮೆರಾದಲ್ಲಿ ಓಡಿದ ಮೂಲ ಫಿಲ್ಮ್) ಸೀರೆಯ ನೇಯ್ಗೆಯೂ ಕಾಣುವಷ್ಟು ವಿವರ ಇರುತ್ತದೆ. ಹಾಗಾಗಿ ರೀಮಾಸ್ಟರ್ (ಹಳೆ ಚಿತ್ರವನ್ನು ಹೊಸದಾಗಿ ಸ್ಕ್ಯಾನ್ ಮಾಡಿ ಸರಿಪಡಿಸುವುದು) ಅಂದರೆ ಮೊದಲು ನೆಗೆಟಿವ್ ಇರುವ ಡಬ್ಬ ಹುಡುಕುವ ಕೆಲಸ. ಕಂಪ್ಯೂಟರ್ ಆಮೇಲೆ.

ಈ ಬರಹ ಹಳೆ ಚಿತ್ರದ ಹಕ್ಕು ಕೈಯಲ್ಲಿರುವ ನಿರ್ಮಾಪಕರ ಮನೆಯವರಿಗೆ, ಸಣ್ಣ ಡಿಸ್ಕ್ ಕಂಪನಿಗಳಿಗೆ, ಈ ಕೆಲಸಕ್ಕೆ ಹೊಸದಾಗಿ ಇಳಿಯುವವರಿಗೆ. ಉದಾಹರಣೆಗೆ 1965ರಿಂದ 80ರ ನಡುವಿನ, ಎರಡೂವರೆ ಗಂಟೆಯ, 35 ಎಂಎಂ ಕನ್ನಡ ಚಿತ್ರವೊಂದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳೋಣ.

ಹಂತ 1: ಕಾಗದ ಮೊದಲು, ಡಬ್ಬ ಆಮೇಲೆ

ನೆಗೆಟಿವ್ ಹಕ್ಕು ಯಾರದು, ವಿಡಿಯೋ ಹಕ್ಕು ಯಾರಿಗೆ ಮಾರಿದ್ದಾರೆ, ಹಾಡುಗಳ ಹಕ್ಕು ಯಾವ ಆಡಿಯೋ ಕಂಪನಿಯಲ್ಲಿದೆ? ಮೂರೂ ಬೇರೆ ಬೇರೆ ಕೈಯಲ್ಲಿ ಇರಬಹುದು. ಎಷ್ಟೋ ಒಪ್ಪಂದಗಳು 'ವಿಎಚ್‌ಎಸ್' ಕಾಲದವು. ಅವುಗಳಲ್ಲಿ ಡಿಸ್ಕ್ ಅನ್ನುವ ಮಾತೇ ಇರುವುದಿಲ್ಲ. ವಕೀಲರಿಗೆ ತೋರಿಸಿಕೊಳ್ಳಿ.

ಆಮೇಲೆ ಡಬ್ಬ. ಆ ಕಾಲದ ಕನ್ನಡ ಚಿತ್ರಗಳ ದೊಡ್ಡ ಪಾಲು ಮದ್ರಾಸಿನ ಸ್ಟುಡಿಯೋ, ಲ್ಯಾಬ್‌ಗಳಲ್ಲೇ ತಯಾರಾದದ್ದು. ಆದ್ದರಿಂದ ಹುಡುಕಾಟ ಬೆಂಗಳೂರಿನ ಅಟ್ಟದಲ್ಲಿ ಮುಗಿಯುವುದಿಲ್ಲ, ಚೆನ್ನೈಗೂ ಹೋಗಬೇಕು. ಲ್ಯಾಬ್ ಮುಚ್ಚಿದ್ದರೆ ಅದರ ಡಬ್ಬಗಳು ಎಲ್ಲಿಗೆ ಹೋದವು ಅಂತ ವಿಚಾರಿಸಿ. 1964ರಲ್ಲಿ ಶುರುವಾದ ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯಕ್ಕೆ ತಪ್ಪದೆ ಬರೆಯಿರಿ. ಗಿರೀಶ್ ಕಾಸರವಳ್ಳಿಯವರ 'ಘಟಶ್ರಾದ್ಧ' (1977) 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಹೊಸ ಹೊಳಪಿನಲ್ಲಿ ತೆರೆಕಂಡದ್ದು ಅಲ್ಲಿ ಉಳಿದಿದ್ದ ಮೂಲ ಕ್ಯಾಮೆರಾ ನೆಗೆಟಿವ್‌ನಿಂದ.

ಸೆನ್ಸಾರ್ ಸರ್ಟಿಫಿಕೇಟಿನ ಪ್ರತಿಯನ್ನೂ ಹುಡುಕಿಡಿ. ಇದು ಸುಮ್ನೆ ಫೈಲಿಗೆ ಹಾಕುವ ಕಾಗದ ಅಲ್ಲ. ಅದರಲ್ಲಿ ಚಿತ್ರದ ಉದ್ದ ಮೀಟರ್‌ನಲ್ಲಿ, ಜೊತೆಗೆ ರೀಲುಗಳ ಸಂಖ್ಯೆ ಬರೆದಿರುತ್ತದೆ. 35 ಎಂಎಂ ಫಿಲ್ಮ್ ನಿಮಿಷಕ್ಕೆ 90 ಅಡಿ, ಅಂದರೆ 27.4 ಮೀಟರ್ ಓಡುತ್ತದೆ. ಸರ್ಟಿಫಿಕೇಟಿನಲ್ಲಿ 4000 ಮೀಟರ್ ಅಂತ ಇದ್ದರೆ ಚಿತ್ರ ಸುಮಾರು 146 ನಿಮಿಷ ಇರಬೇಕು. ಕೈಗೆ ಸಿಕ್ಕಿದ ರೀಲುಗಳು 138 ನಿಮಿಷ ತೋರಿಸಿದರೆ ಎಂಟು ನಿಮಿಷ ಎಲ್ಲೋ ಕಾಣೆಯಾಗಿದೆ ಅಂತ ಅರ್ಥ. ಹೆಚ್ಚಿನ ಸಲ ಅದು ಒಂದು ಹಾಡೋ ಒಂದು ಹಾಸ್ಯದ ದೃಶ್ಯವೋ ಆಗಿರುತ್ತದೆ. ಅದನ್ನು ಈಗಲೇ ತಿಳಿದುಕೊಂಡರೆ ಒಳ್ಳೆಯದು, ಡಿಸ್ಕ್ ಬಂದ ಮೇಲೆ ಅಭಿಮಾನಿಗಳಿಂದ ಕೇಳಿಸಿಕೊಳ್ಳಬಾರದು.

ಹಂತ 2: ಯಾವ ಪ್ರತಿಯಿಂದ ಶುರು ಮಾಡಬೇಕು?

ಮೇಲಿನ ಸ್ಥಾನ ಮೂಲ ಕ್ಯಾಮೆರಾ ನೆಗೆಟಿವ್‌ಗೆ. ಅದು ಇಲ್ಲದಿದ್ದರೆ ಅದರಿಂದ ನೇರವಾಗಿ ತೆಗೆದ ಇಂಟರ್‌ಪಾಸಿಟಿವ್. ಕಪ್ಪು-ಬಿಳುಪಿನಲ್ಲಾದರೆ ಅದನ್ನು ಫೈನ್ ಗ್ರೇನ್ ಮಾಸ್ಟರ್ ಅನ್ನುತ್ತಾರೆ. ಅದಾದ ಮೇಲೆ ಅದರಿಂದ ತೆಗೆದ ನಕಲು, ಡ್ಯೂಪ್ ನೆಗೆಟಿವ್. ಕೊನೆಗೆ ಥಿಯೇಟರಿಗೆ ಹೋಗಿ ಬಂದ ಪ್ರಿಂಟ್.

ಒಂದೊಂದು ತಲೆಮಾರು ಕೆಳಗಿಳಿದಂತೆ ಗ್ರೇನ್ (ಫಿಲ್ಮಿನಲ್ಲಿ ಚಿತ್ರ ಮೂಡಿಸುವ ಸಣ್ಣ ಕಣಗಳು) ದಪ್ಪವಾಗುತ್ತದೆ, ನೆರಳಿನೊಳಗಿನ ವಿವರ ಮಾಯವಾಗುತ್ತದೆ. ಪ್ರಿಂಟ್‌ನಲ್ಲಿ ಕಾಂಟ್ರಾಸ್ಟ್ ಮೊದಲೇ ಏರಿರುವುದರಿಂದ ಕಪ್ಪು ಕೂದಲು ಒಂದೇ ಮುದ್ದೆಯಾಗಿ ಕಾಣುತ್ತದೆ. ಆದರೂ ಪ್ರಿಂಟ್ ಸಿಕ್ಕರೆ ಬಿಸಾಡಬೇಡಿ. ನೆಗೆಟಿವ್‌ನಲ್ಲಿ ಹರಿದುಹೋದ ಶಾಟ್ ತುಂಬಲು ಅದು ಬೇಕು. ಬಣ್ಣ, ಬೆಳಕು ಹೇಗಿತ್ತು ಅಂತ ತಿಳಿಯಲೂ ಅದೇ ಸಾಕ್ಷಿ. ಕೆಲವೊಮ್ಮೆ ಧ್ವನಿಯೇ ಅದರಿಂದ ಬರುತ್ತದೆ. ಶ್ಯಾಮ್ ಬೆನಗಲ್ ಅವರ 'ಮಂಥನ್' (1976) ಕೆಲಸದಲ್ಲಿ ಚಿತ್ರ ಪುಣೆಯ ಕ್ಯಾಮೆರಾ ನೆಗೆಟಿವ್‌ನಿಂದ ಬಂತು, ಧ್ವನಿಯನ್ನು ಹಳೆ ಚಿತ್ರ ಕಾಪಾಡುವ ಸಂಸ್ಥೆ ಫಿಲ್ಮ್ ಹೆರಿಟೇಜ್ ಫೌಂಡೇಶನ್ ಬಳಿ ಇದ್ದ ಪ್ರಿಂಟ್‌ನಿಂದ ತೆಗೆದರು.

ನೆಗೆಟಿವ್ ಕೆಟ್ಟಿದೆ ಅಂತ ಬೇಗ ಕೈಬಿಡಬೇಡಿ. 1993ರಲ್ಲಿ ಲಂಡನ್ನಿನ ಹೆಂಡರ್ಸನ್ ಲ್ಯಾಬ್ ಬೆಂಕಿಯಲ್ಲಿ ಸತ್ಯಜಿತ್ ರಾಯ್ ಅವರ ಅಪು ಚಿತ್ರತ್ರಯದ ನೆಗೆಟಿವ್‌ಗಳು ಸುಟ್ಟವು. ಆ ಸುಟ್ಟು ಒಣಗಿದ ರೀಲುಗಳಿಗೆ ತೇವ ಕೊಟ್ಟು, ಬಿಡಿಸಿ, ಇಟಲಿಯ ಬೊಲೋನ್ಯದ ಲ್ಯಾಬ್‌ನಲ್ಲಿ ಬಳಸಬಹುದಾದ ಭಾಗಗಳನ್ನೆಲ್ಲ ಉಳಿಸಿಕೊಂಡರು. 2015ರಲ್ಲಿ ಅದು 4ಕೆಯಲ್ಲಿ (ಅಗಲಕ್ಕೆ ಸುಮಾರು 4,000 ಚುಕ್ಕೆಗಳ ಚಿತ್ರ) ಬಂತು.

ಹಂತ 3: ಮೇಜಿನ ಮೇಲೆ ರೀಲು

ಸಿಕ್ಕ ರೀಲನ್ನು ತಕ್ಷಣ ಯಾವುದಾದರೂ ಯಂತ್ರಕ್ಕೆ ಹಾಕಿ ನೋಡುವ ಆಸೆ ಬರುತ್ತದೆ. ಬೇಡ. ಮೊದಲು ಡಬ್ಬ ತೆರೆದು ಮೂಸಿ. ಹುಳಿ ವಿನೆಗರ್ ವಾಸನೆ ಬಂದರೆ ಅಸಿಟೇಟ್ ಬೇಸ್ (ಫಿಲ್ಮಿನ ಪ್ಲಾಸ್ಟಿಕ್ ಹಾಳೆ) ಕೊಳೆಯಲು ಶುರುವಾಗಿದೆ. ಎಷ್ಟು ಮುಂದುವರಿದಿದೆ ಅಂತ ತಿಳಿಯಲು ಎ-ಡಿ ಸ್ಟ್ರಿಪ್ ಅನ್ನುವ ಕಾಗದದ ಚೂರು ಸಿಗುತ್ತದೆ. ಡಬ್ಬದೊಳಗೆ ಒಂದು ದಿನ ಇಟ್ಟರೆ ನೀಲಿಯಿಂದ ಹಸಿರು, ಹಸಿರಿನಿಂದ ಹಳದಿಗೆ ತಿರುಗುತ್ತದೆ. ಹಳದಿ ಬಂದ ರೀಲು ಸ್ಕ್ಯಾನಿಂಗ್ ಸಾಲಿನಲ್ಲಿ ಮೊದಲು ನಿಲ್ಲಬೇಕು. ಅದನ್ನು ಒಳ್ಳೆಯ ರೀಲುಗಳ ಪಕ್ಕ ಇಡಲೇಬಾರದು, ಆ ಆವಿ ಪಕ್ಕದ ಡಬ್ಬಕ್ಕೂ ಹಬ್ಬುತ್ತದೆ.

ಅಂಚಿನಲ್ಲಿ 'ಸೇಫ್ಟಿ' ಅಂತ ಅಚ್ಚಾಗಿದೆಯೇ ನೋಡಿ. 1950ರ ದಶಕದ ಆರಂಭಕ್ಕಿಂತ ಹಿಂದಿನದು, 'ನೈಟ್ರೇಟ್' ಅಂತ ಇದೆ ಅಂದರೆ ಅಲ್ಲಿಗೇ ನಿಲ್ಲಿಸಿ. ಅದು ಸುಲಭವಾಗಿ ಹೊತ್ತಿಕೊಳ್ಳುವ ವಸ್ತು. ತಜ್ಞರಿಗೆ ಮಾತ್ರ ಬಿಡಿ.

ಆಮೇಲೆ ಕೈಯಿಂದ ತಿರುಗಿಸುವ ರಿವೈಂಡರ್ ಮೇಲೆ ರೀಲನ್ನು ನಿಧಾನವಾಗಿ ಬಿಡಿಸಿ. ಹತ್ತಿಯ ಕೈಗವಸು ಹಾಕಿಕೊಂಡು ಎರಡು ಬೆರಳಿನ ನಡುವೆ ಫಿಲ್ಮಿನ ಅಂಚು ಹಾಯಲಿ. ಹರಿದ ತೂತು, ಎದ್ದ ಸ್ಪ್ಲೈಸ್ (ಫಿಲ್ಮ್ ಜೋಡಿಸಿದ ಜಾಗ), ಮುರಿದ ಅಂಚು ಎಲ್ಲವೂ ಕಣ್ಣಿಗಿಂತ ಮೊದಲು ಬೆರಳಿಗೆ ಸಿಗುತ್ತವೆ. ಒಂದೊಂದನ್ನೂ ಎಷ್ಟನೇ ಅಡಿಯಲ್ಲಿ ಅಂತ ಬರೆದಿಡಿ. ಗೇಜ್ ಇಟ್ಟು ಫಿಲ್ಮ್ ಎಷ್ಟು ಕುಗ್ಗಿದೆ ಅಳೆಯಿರಿ. ಶೇ. 1ರ ಹತ್ತಿರ ಹೋಗಿದ್ದರೆ ಹಲ್ಲುಚಕ್ರದ ಯಂತ್ರಕ್ಕೆ ಹಾಕಬೇಡಿ, ತೂತುಗಳು ಸೀಳಿಹೋಗುತ್ತವೆ. ಹಲ್ಲಿಲ್ಲದ ರೋಲರ್ ಮೇಲೆ ಓಡುವ ಸ್ಕ್ಯಾನರ್ ಬೇಕು.

ಹರಿದದ್ದನ್ನು ಜೋಡಿಸಿದ ಮೇಲೆ ಅಲ್ಟ್ರಾಸಾನಿಕ್ ಯಂತ್ರದಲ್ಲಿ ತೊಳೆಸಿ. ಇಲ್ಲಿ ಹೋಗುವ ಪ್ರತಿಯೊಂದು ಧೂಳಿನ ಕಣ ಮುಂದೆ ಕಂಪ್ಯೂಟರ್ ಮುಂದೆ ಕೂರುವವರ ಸಮಯ ಉಳಿಸುತ್ತದೆ. ಬಜೆಟ್ ಕಡಿಮೆ ಇದ್ದಾಗ ಜನ ಮೊದಲು ಕೈಬಿಡುವುದು ಇದನ್ನೇ. ನನ್ನ ಪ್ರಕಾರ ಕೊನೆಗೆ ಕೈಬಿಡಬೇಕಾದದ್ದು ಇದು.

ಹಂತ 4: ಸ್ಕ್ಯಾನ್

ಆರಿಸ್ಕ್ಯಾನ್, ಸ್ಕ್ಯಾನಿಟಿ, ಲೇಸರ್‌ಗ್ರಾಫಿಕ್ಸ್ ಡೈರೆಕ್ಟರ್, ಹೀಗೆ ಸ್ಕ್ಯಾನರ್‌ಗಳ ಹೆಸರು ಬೇರೆಯಾದರೂ ಕೇಳಬೇಕಾದ ಪ್ರಶ್ನೆಗಳು ಒಂದೇ.

ವೆಟ್ ಗೇಟ್ ಇದೆಯಾ? ಫಿಲ್ಮ್ ದ್ರವದೊಳಗೆ ಮುಳುಗಿದ ಸ್ಥಿತಿಯಲ್ಲಿ ಸ್ಕ್ಯಾನ್ ಆಗುತ್ತದೆ. ಬೇಸ್ ಕಡೆಯ ಗೀರಿನೊಳಗೆ ಆ ದ್ರವ ತುಂಬಿಕೊಳ್ಳುತ್ತದೆ, ಬೆಳಕು ಅಲ್ಲಿ ಚದುರುವುದಿಲ್ಲ, ಗೀರು ಕಾಣುವುದೇ ಇಲ್ಲ. ಎಮಲ್ಷನ್ (ಚಿತ್ರ ಇರುವ ಪದರ) ಕಿತ್ತು ಹೋಗಿರುವಷ್ಟು ಆಳದ ಗೀರಿಗೆ ಮಾತ್ರ ಇದು ಮದ್ದಲ್ಲ, ಅಲ್ಲಿ ಚಿತ್ರವೇ ಇಲ್ಲವಲ್ಲ.

ಇನ್ಫ್ರಾರೆಡ್ ಮೂಲಕ ಧೂಳು ಗುರುತಿಸುತ್ತೇವೆ ಅಂತ ಲ್ಯಾಬ್‌ನವರು ಹೇಳಬಹುದು. ಬಣ್ಣದ ಫಿಲ್ಮಿಗೆ ಅದು ಸೊಗಸಾಗಿ ಕೆಲಸ ಮಾಡುತ್ತದೆ. ಕಪ್ಪು-ಬಿಳುಪಿಗೆ ಆಗುವುದಿಲ್ಲ. ಅಲ್ಲಿ ಚಿತ್ರ ಇರುವುದೇ ಬೆಳ್ಳಿಯ ಕಣಗಳಲ್ಲಿ, ಬೆಳ್ಳಿ ಇನ್ಫ್ರಾರೆಡ್ ಬೆಳಕನ್ನು ತಡೆಯುತ್ತದೆ. ಧೂಳು ಯಾವುದು, ಚಿತ್ರ ಯಾವುದು ಅಂತ ಯಂತ್ರಕ್ಕೆ ಗೊತ್ತಾಗುವುದಿಲ್ಲ. ಕಪ್ಪು-ಬಿಳುಪು ಚಿತ್ರದ ಅಂದಾಜು ಪಟ್ಟಿಯಲ್ಲಿ ಇದಕ್ಕೆ ಹಣ ಹಾಕಿದ್ದರೆ ಪ್ರಶ್ನೆ ಕೇಳಿ.

2ಕೆಯೋ 4ಕೆಯೋ? ಲೆಕ್ಕ ನೋಡೋಣ. 150 ನಿಮಿಷದ ಚಿತ್ರದಲ್ಲಿ 2,16,000 ಫ್ರೇಮ್. 10-ಬಿಟ್ ಡಿಪಿಎಕ್ಸ್‌ನಲ್ಲಿ (ಫ್ರೇಮಿಗೊಂದು ಫೈಲ್ ಇಡುವ ರೂಪ) 2ಕೆ ಫ್ರೇಮ್ ಒಂದಕ್ಕೆ ಸುಮಾರು 12.7 ಎಂಬಿ, ಒಟ್ಟು 2.75 ಟಿಬಿ. 4ಕೆಗೆ ಫ್ರೇಮಿಗೆ 51 ಎಂಬಿ, ಒಟ್ಟು 11 ಟಿಬಿ. ಮೂಲ ನೆಗೆಟಿವ್ ಇದ್ದರೆ 4ಕೆ ಮಾಡಿಸಿ. ಡಿಸ್ಕ್ 1080ರಲ್ಲೇ ಬಂದರೂ ಸರಿ, ಆ ರೀಲನ್ನು ಮತ್ತೊಮ್ಮೆ ಸ್ಕ್ಯಾನ್ ಮಾಡುವ ಅವಕಾಶ ಸಿಗದೇ ಹೋಗಬಹುದು. ಸವೆದ ಪ್ರಿಂಟ್ ಮಾತ್ರ ಇದ್ದರೆ 2ಕೆ ಸಾಕು, ಉಳಿದ ಹಣ ರಿಪೇರಿಗೆ ಹಾಕಿ.

ಫ್ರೇಮಿನ ಅಂಚು, ತೂತುಗಳ ತುದಿ ಕಾಣುವಷ್ಟು ಅಗಲಕ್ಕೆ ಸ್ಕ್ಯಾನ್ ಮಾಡಲು ಹೇಳಿ. ಚಿತ್ರವನ್ನು ಸ್ಥಿರಗೊಳಿಸುವಾಗ ಆ ತೂತುಗಳೇ ಆಧಾರ. ಕಚ್ಚಾ ಸ್ಕ್ಯಾನನ್ನು ಯಾರೂ ಮುಟ್ಟುವ ಮೊದಲು ಎರಡು ಎಲ್‌ಟಿಒ ಟೇಪಿಗೆ (ಡೇಟಾ ಕೂಡಿಡುವ ಟೇಪು) ಇಳಿಸಿ, ಎರಡನ್ನೂ ಬೇರೆ ಬೇರೆ ಊರಿನಲ್ಲಿ ಇಡಿ.

ಹಂತ 5: ಶುಚಿ, ಆದರೆ ಎಷ್ಟು?

ರೀಲುಗಳನ್ನು ಸರಿಯಾಗಿ ಜೋಡಿಸಿ, ಕಾಣೆಯಾದ ಶಾಟ್‌ಗಳನ್ನು ಪ್ರಿಂಟ್‌ನಿಂದ ತುಂಬಿದ ಮೇಲೆ ಅಸಲಿ ಕೆಲಸ ಶುರು. ಫೀನಿಕ್ಸ್, ಡಯಾಮಂಟ್, ಪಿಎಫ್‌ಕ್ಲೀನ್, ಎಂಟಿಐನ ನೋವಾ ಇವೆಲ್ಲ ಈ ಕೆಲಸದ ಸಾಫ್ಟ್‌ವೇರ್‌ಗಳು. ಅಲುಗಾಟ ನಿಲ್ಲಿಸುವುದು, ಬೆಳಕಿನ ಮಿನುಗು ತಗ್ಗಿಸುವುದು, ಧೂಳು ತೆಗೆಯುವುದು, ಗೀರು ಮುಚ್ಚುವುದು, ಸಾಮಾನ್ಯವಾಗಿ ಇದೇ ಕ್ರಮ.

ಧೂಳು ತೆಗೆಯುವ ತಂತ್ರ ಸರಳ. ಹಿಂದಿನ ಫ್ರೇಮಿನಲ್ಲಿ ಇಲ್ಲ, ಮುಂದಿನದರಲ್ಲೂ ಇಲ್ಲ, ನಡುವಿನ ಒಂದರಲ್ಲಿ ಮಾತ್ರ ಒಂದು ಚುಕ್ಕೆ ಇದೆ. ಅಂದರೆ ಅದು ಧೂಳು. ಯಂತ್ರ ಪಕ್ಕದ ಫ್ರೇಮಿನ ಚೂರು ತಂದು ಮುಚ್ಚುತ್ತದೆ.

ಈಗ ಮದುವೆಯ ದೃಶ್ಯ ನೆನೆಸಿಕೊಳ್ಳಿ. ತಾಳಿ ಕಟ್ಟುವ ಹೊತ್ತಿಗೆ ನಾಲ್ಕೂ ಕಡೆಯಿಂದ ಅಕ್ಷತೆ ಬೀಳುತ್ತದೆ. ಒಂದೊಂದು ಅಕ್ಕಿ ಕಾಳೂ ಒಂದು ಫ್ರೇಮಿನಲ್ಲಿ ಇಲ್ಲಿದ್ದರೆ ಮುಂದಿನದರಲ್ಲಿ ಎಲ್ಲೋ. ಯಂತ್ರದ ಕಣ್ಣಿಗೆ ಅದು ಧೂಳೇ. ಆಟೋಮ್ಯಾಟಿಕ್ ಹಾಕಿ ಎದ್ದುಹೋದರೆ ಬೆಳಗ್ಗೆ ನೋಡುವಾಗ ಎಲ್ಲರೂ ಬರಿಗೈ ಬೀಸುತ್ತಿರುತ್ತಾರೆ, ಅಕ್ಷತೆ ಇಲ್ಲ. ಮಳೆ ಹನಿ, ಹೋಮದ ಕಿಡಿ, ಮೂಗುತಿಯ ಮಿಂಚು, ನೀರಿನ ಮೇಲಿನ ಬಿಸಿಲು, ಕತ್ತಿಗೆ ಕತ್ತಿ ತಾಗಿದ ಹೊಳಪು ಎಲ್ಲಕ್ಕೂ ಇದೇ ಗತಿ.

ಇದಕ್ಕೆ ಉಪಾಯ ಇದೆ. ಮೂಲ ಮತ್ತು ಶುಚಿ ಮಾಡಿದ ಪ್ರತಿ ಎರಡನ್ನೂ ಕಳೆದು, ಯಂತ್ರ ಏನನ್ನು ತೆಗೆದಿದೆಯೋ ಅದನ್ನಷ್ಟೇ ಕಪ್ಪು ತೆರೆಯ ಮೇಲೆ ತೋರಿಸಲು ಹೇಳಿ. ಅಲ್ಲಿ ಅಡ್ಡಾದಿಡ್ಡಿ ಚುಕ್ಕೆ ಕಂಡರೆ ಸರಿ. ಯಾರದೋ ಬೆರಳ ತುದಿ, ಕುಣಿಯುವವಳ ಗೆಜ್ಜೆ, ಸೀರೆಯ ಜರಿ ಆಕಾರ ಹಿಡಿದು ಕಂಡರೆ ಆ ಶಾಟನ್ನು ವಾಪಸ್ ಕಳಿಸಿ, ಕೈಯಿಂದ ಮಾಡಿಸಿ. ಗುತ್ತಿಗೆಯಲ್ಲೇ ಈ ಮಾತು ಬರೆಸಿಕೊಳ್ಳಿ, ಆಮೇಲೆ ಕೇಳಿದರೆ ಹೆಚ್ಚುವರಿ ಬಿಲ್ ಬರುತ್ತದೆ.

ಯಾವುದನ್ನು ಸರಿಪಡಿಸಬೇಕು, ಯಾವುದನ್ನು ಬಿಡಬೇಕು? ನನ್ನ ನಿಯಮ ಇಷ್ಟೆ. ಚಿತ್ರ ಬಿಡುಗಡೆಯಾದ ದಿನ ಇಲ್ಲದಿದ್ದದ್ದನ್ನು ತೆಗೆಯಿರಿ, ಅಂದು ಇದ್ದದ್ದನ್ನು ಬಿಡಿ. ಪೌರಾಣಿಕ ಚಿತ್ರದಲ್ಲಿ ನಾರದರನ್ನು ಹಿಡಿದ ತಂತಿ ಕಾಣುತ್ತದೆಯೇ? ಇರಲಿ. ಗೋಡೆಯ ಮೇಲೆ ಮೈಕಿನ ನೆರಳು? ಇರಲಿ. ಡಿಸಾಲ್ವ್ (ಒಂದು ದೃಶ್ಯ ಕರಗಿ ಇನ್ನೊಂದು ಮೂಡುವುದು) ಬರುವ ಕಡೆ ಚಿತ್ರ ಇದ್ದಕ್ಕಿದ್ದಂತೆ ಒರಟಾಗುತ್ತದೆ, ಯಾಕೆಂದರೆ ಲ್ಯಾಬ್‌ನಲ್ಲಿ ಆ ತುಂಡನ್ನು ಡ್ಯೂಪ್ ಮಾಡಿ ಸೇರಿಸಿದ್ದಾರೆ. ಅದನ್ನು ಅಕ್ಕಪಕ್ಕಕ್ಕೆ ಸ್ವಲ್ಪ ಹೊಂದಿಸಬಹುದು, ಪೂರ್ತಿ ಅಳಿಸಲು ಹೋಗಬೇಡಿ. 'ವಿರಾಮ' ಅನ್ನುವ ಕಾರ್ಡನ್ನು ದಯವಿಟ್ಟು ಕತ್ತರಿಸಬೇಡಿ!

ಹಂತ 6: ಗ್ರೇನ್ ವಿಷಯದಲ್ಲಿ ಮಾತ್ರ ಹಟ ಮಾಡಿ

ಗ್ರೇನ್ ಚಿತ್ರದ ಮೇಲೆ ಕೂತ ಕೊಳೆ ಅಂತ ತುಂಬ ಜನ ತಿಳಿದಿದ್ದಾರೆ. ಅಕ್ಕಿಹಿಟ್ಟಿನ ಪುಡಿಯಿಂದಲೇ ರಂಗೋಲಿ ಇರುವ ಹಾಗೆ, ಆ ಕಣಗಳಿಂದಲೇ ಚಿತ್ರ ಇರುವುದು. ಒರೆಸಿದರೆ ಚಿತ್ರವೇ ಹೋಗುತ್ತದೆ. ಗ್ರೇನ್ ತೆಗೆಯುವ ಫಿಲ್ಟರ್ ಜಾಸ್ತಿ ಹಾಕಿದಾಗ ಚರ್ಮದ ರಂಧ್ರ, ಮೀಸೆಯ ಕೂದಲು, ಬಟ್ಟೆಯ ನೂಲು ಜೊತೆಗೇ ಹೋಗಿ ನಟರು ಮೇಣದ ಗೊಂಬೆ ಆಗುತ್ತಾರೆ. 'ಪ್ರೆಡೇಟರ್' (1987) ಚಿತ್ರದ 2010ರ ಬ್ಲೂ-ರೇ ಈ ಕಾರಣಕ್ಕೇ ಇವತ್ತಿಗೂ ಬೈಗುಳ ತಿನ್ನುತ್ತಿದೆ. ಹಾಲಿವುಡ್‌ನ ದುಡ್ಡಿದ್ದೂ ಹೀಗಾಯಿತು, ಅಲ್ವಾ?

ಈಗ ಎಐ ಹೆಸರಿನಲ್ಲಿ ಬರುವ 'ಶಾರ್ಪ್' ಮಾಡುವ ಸಾಧನಗಳ ಬಗ್ಗೆಯೂ ಎಚ್ಚರ. ದೂರದಲ್ಲಿ ನಿಂತ ಗುಂಪಿನ ಮುಖಗಳಿಗೆ ಅವು ಹೊಸ ಕಣ್ಣು-ಬಾಯಿ ಬರೆದುಬಿಡುತ್ತವೆ. ಹಿನ್ನೆಲೆಯ ಅಂಗಡಿ ಬೋರ್ಡಿನ ಕನ್ನಡ ಅಕ್ಷರ ಯಾವ ಲಿಪಿಯೂ ಅಲ್ಲದ ಗೀಟುಗಳಾಗುತ್ತವೆ. ಪರೀಕ್ಷೆಗೆ ಅಂಥ ಬೋರ್ಡ್ ಇರುವ ಶಾಟನ್ನೇ ಕೊಟ್ಟು ನೋಡಿ.

ಹಂತ 7: ಬೆಳಕು ಮತ್ತು ಬಣ್ಣ

ಹಳೆ ಈಸ್ಟ್‌ಮನ್ ಕಲರ್ ಪ್ರಿಂಟ್‌ಗಳು ಗುಲಾಬಿಗೆ ತಿರುಗಿರುವುದನ್ನು ನೋಡಿರುತ್ತೀರಿ. ಹಸಿರು-ನೀಲಿ ಮತ್ತು ಹಳದಿ ಡೈ ಮಾಸಿ, ಮೆಜೆಂಟಾ ಮಾತ್ರ ಉಳಿದ ಫಲ ಅದು. ಪೂರ್ತಿ ಮಾಸಿದ ಬಣ್ಣವನ್ನು ಗ್ರೇಡಿಂಗ್‌ನಲ್ಲಿ (ಬಣ್ಣ-ಬೆಳಕು ಹೊಂದಿಸುವ ಕೆಲಸ) ಎಳೆದು ತರಲು ಮಿತಿ ಇದೆ. ನೆಗೆಟಿವ್ ಬೇಕು ಅಂತ ಅಷ್ಟು ಒತ್ತಿ ಹೇಳಿದ್ದು ಇದಕ್ಕೂ ಸೇರಿ.

ಛಾಯಾಗ್ರಾಹಕರು ಅಥವಾ ನಿರ್ದೇಶಕರು ಇದ್ದರೆ ಗ್ರೇಡಿಂಗ್ ಕೋಣೆಗೆ ಕರೆತನ್ನಿ. ಇಲ್ಲದಿದ್ದರೆ ಅವರ ಸಹಾಯಕರನ್ನಾದರೂ ಹುಡುಕಿ. ಒಂದು ಜಾಗದಲ್ಲಿ ಖಂಡಿತ ಅವರ ಸಹಾಯ ಬೇಕಾಗುತ್ತದೆ, ಅದು ರಾತ್ರಿಯ ದೃಶ್ಯ. ಆಗ ಎಷ್ಟೋ ರಾತ್ರಿ ದೃಶ್ಯಗಳನ್ನು ಹಗಲಲ್ಲೇ ಫಿಲ್ಟರ್ ಹಾಕಿ ತೆಗೆದು, ಪ್ರಿಂಟ್ ಮಾಡುವಾಗ ಕತ್ತಲು ಮಾಡುತ್ತಿದ್ದರು. ನೆಗೆಟಿವ್‌ನಲ್ಲಿ ಅದು ಹಗಲಿನಂತೆಯೇ ಕಾಣುತ್ತದೆ. ಹೊಸ ಹುಡುಗರು ಖುಷಿಯಿಂದ ಬೆಳಕು ಏರಿಸಿಬಿಡುತ್ತಾರೆ. ಆಮೇಲೆ ನೋಡಿದರೆ ನಾಯಕ ಸುಡು ಬಿಸಿಲಿನಲ್ಲಿ ಲಾಟೀನು ಹಿಡಿದು ಕಳ್ಳನನ್ನು ಹುಡುಕುತ್ತಿರುತ್ತಾನೆ. ಚಿತ್ರಕಥೆ ಪಕ್ಕದಲ್ಲಿ ಇಟ್ಟುಕೊಂಡೇ ಗ್ರೇಡ್ ಮಾಡಿಸಿ.

ಬ್ಲೂ-ರೇಗೆ ಎಚ್‌ಡಿ ಟಿವಿಯ ಮಾನದಂಡವಾದ ರೆಕ್ 709 ಬಣ್ಣದ ವ್ಯಾಪ್ತಿ, ಸರಿಯಾಗಿ ಅಳತೆ ಮಾಡಿದ ಮಾನಿಟರ್, ಕತ್ತಲ ಕೋಣೆ ಸಾಕು. ಎಚ್‌ಡಿಆರ್ (ಹೆಚ್ಚು ಹೊಳಪು-ಕತ್ತಲು ತೋರಿಸುವ ವಿಧಾನ) ಎಲ್ಲ ಹಳೆ ಚಿತ್ರಕ್ಕೂ ಬೇಕಿಲ್ಲ.

ಕಪ್ಪು-ಬಿಳುಪಿಗೆ ಬಣ್ಣ ಬಳಿಯುವುದು ಬೇರೆಯೇ ವ್ಯವಹಾರ. 'ಸತ್ಯ ಹರಿಶ್ಚಂದ್ರ' (1965) 2008ರಲ್ಲಿ, 'ಕಸ್ತೂರಿ ನಿವಾಸ' (1971) 2014ರಲ್ಲಿ ಬಣ್ಣ ತುಂಬಿಕೊಂಡು ಥಿಯೇಟರಿಗೆ ಬಂದವು. ಅದು ಇಷ್ಟಪಡುವವರಿಗೆ. ಡಿಸ್ಕ್ ಮಾಡುವಾಗ ಮೂಲ ಕಪ್ಪು-ಬಿಳುಪು ಇರಲೇಬೇಕು ಅನ್ನುವುದು ನನ್ನ ಮಾತು, ಬಣ್ಣದ್ದು ಬೇಕಾದರೆ ಪಕ್ಕದಲ್ಲಿರಲಿ.

ಹಂತ 8: ಧ್ವನಿ

ಸೌಂಡ್ ನೆಗೆಟಿವ್ ಸಿಕ್ಕರೆ ಅದೃಷ್ಟ. ಇಲ್ಲದಿದ್ದರೆ ಕಡಿಮೆ ಓಡಿದ ಪ್ರಿಂಟ್‌ನ ಆಪ್ಟಿಕಲ್ ಟ್ರ್ಯಾಕ್ (ಫಿಲ್ಮಿನ ಅಂಚಿನಲ್ಲಿ ಬೆಳಕಿನಿಂದ ಮುದ್ರಿಸಿದ ಧ್ವನಿ). 24-ಬಿಟ್, 96 ಕಿಲೋಹರ್ಟ್ಸ್‌ನಲ್ಲಿ ಇಳಿಸಿ. ಪ್ರಿಂಟ್‌ನಲ್ಲಿ ಧ್ವನಿ ಚಿತ್ರಕ್ಕಿಂತ ಸುಮಾರು 20 ಫ್ರೇಮ್ ಮುಂದೆ ಇರುತ್ತದೆ. ಆದ್ದರಿಂದ ರೀಲಿನ ಕೊನೆ ಹರಿದಾಗ ಚಿತ್ರ ಹೋಗಿ ಧ್ವನಿ ಉಳಿದಿರುತ್ತದೆ, ಶುರು ಹರಿದಾಗ ಅದರ ಉಲ್ಟಾ. ತುಟಿ-ಮಾತು ಹೊಂದಿದೆಯೇ ಅಂತ ರೀಲಿಗೊಮ್ಮೆ ನೋಡಿ.

ಚಟಪಟ ಸದ್ದು, 50 ಹರ್ಟ್ಸ್ ಗುಂಯ್‌ಗುಡುವಿಕೆ ತೆಗೆಯಿರಿ. ಹಿಸ್ (ಹಿನ್ನೆಲೆಯ ಸುಯ್ ಸದ್ದು) ಪೂರ್ತಿ ಹೋಗಲಿ ಅಂತ ಹಟ ಹಿಡಿದರೆ ಮಾತು ನೀರೊಳಗಿಂದ ಬಂದಂತೆ ಕೇಳುತ್ತದೆ. ತಂಬೂರಿಯ ಝೇಂಕಾರ ಮೊದಲು ಸಾಯುತ್ತದೆ. ಹಳೆ ಥಿಯೇಟರ್‌ಗಳು ಮೇಲಿನ ದನಿಯನ್ನು ತಗ್ಗಿಸಿ ಕೇಳಿಸುತ್ತಿದ್ದವು. ಅದನ್ನು ಲೆಕ್ಕಕ್ಕೆ ಹಿಡಿದೇ ಮಿಕ್ಸ್ ಮಾಡುತ್ತಿದ್ದರು. ಹಾಗಾಗಿ ಈಗ ನೇರ ಕೇಳಿದರೆ 'ಸ', 'ಶ' ಚುಚ್ಚುತ್ತವೆ. ಅಷ್ಟನ್ನು ಮೆತ್ತಗೆ ಮಾಡಿದರೆ ಸಾಕು.

ಹಾಡು ಚೆನ್ನಾಗಿ ಕೇಳಲಿ ಅಂತ ಕ್ಯಾಸೆಟ್ ಅಥವಾ ಸಿಡಿಯ ಆವೃತ್ತಿಯನ್ನು ತಂದು ಅಂಟಿಸಬೇಡಿ. ಧ್ವನಿಮುದ್ರಿಕೆಯ ಹಾಡಿಗೂ ಸಿನಿಮಾದ ಹಾಡಿಗೂ ಉದ್ದ, ಚರಣ, ನಡುವಿನ ಮಾತು ಬೇರೆ ಇರಬಹುದು. ಮೋನೋ (ಒಂದೇ ವಾಹಿನಿಯ ಧ್ವನಿ) ಚಿತ್ರ ಮೋನೋ ಆಗಿಯೇ ಇರಲಿ. 5.1 (ಸುತ್ತಲಿನ ಸ್ಪೀಕರ್‌ಗಳ ಧ್ವನಿ) ಮಾಡಲೇಬೇಕು ಅಂತ ಮಾರಾಟದವರು ಹೇಳಿದರೆ ಎರಡನೇ ಟ್ರ್ಯಾಕ್ ಆಗಿ ಕೊಡಿ.

ಹಂತ 9: ಆಕಾರ, ಎನ್‌ಕೋಡ್, ಡಿಸ್ಕ್

ಹೆಚ್ಚಿನ ಹಳೆ ಚಿತ್ರಗಳ ಚೌಕಟ್ಟಿನ ಅಗಲ ಎತ್ತರದ 1.37 ಪಟ್ಟು. ಟಿವಿಯದು 1.78. ಚಿತ್ರವನ್ನು ಟಿವಿ ತುಂಬ ಹಿಗ್ಗಿಸಿದರೆ ಮೇಲೆ-ಕೆಳಗೆ ಸೇರಿ ಸುಮಾರು ಶೇ. 23 ಭಾಗ ಕತ್ತರಿಸಿ ಹೋಗುತ್ತದೆ, ತಲೆಯ ಮೇಲಿನ ಕಿರೀಟ ಸಮೇತ. 1080 ಎತ್ತರ, ಸುಮಾರು 1480 ಅಗಲ ಇಟ್ಟು ಎರಡು ಪಕ್ಕ ಕಪ್ಪು ಬಿಡಿ. 'ಪಕ್ಕದಲ್ಲಿ ಕಪ್ಪು ಯಾಕೆ' ಅಂತ ಗ್ರಾಹಕರು ಕೇಳುತ್ತಾರೆ. ಡಿಸ್ಕ್ ಕವರ್ ಮೇಲೆ ಒಂದು ಸಾಲಿನ ಉತ್ತರ ಅಚ್ಚು ಹಾಕಿಸಿ.

ವೇಗ ಸೆಕೆಂಡಿಗೆ 24 ಅಥವಾ 23.976 ಫ್ರೇಮ್. ಹಳೆ ಪಾಲ್ (ಭಾರತ, ಯುರೋಪಿನ ಟಿವಿ ಪದ್ಧತಿ) ಡಿವಿಡಿಗಳ ಹಾಗೆ 25ಕ್ಕೆ ಓಡಿಸಿದರೆ ಚಿತ್ರ ಶೇ. 4ರಷ್ಟು ವೇಗವಾಗುತ್ತದೆ, ಹಾಡಿನ ಶ್ರುತಿಯೂ ಮುಕ್ಕಾಲು ಸ್ವರಸ್ಥಾನದ ಹತ್ತಿರ ಏರುತ್ತದೆ. ಸಂಗೀತ ಬಲ್ಲವರು ಪಲ್ಲವಿಯಲ್ಲೇ ಹಿಡಿಯುತ್ತಾರೆ.

ಗ್ರೇನ್ ಇರುವ ಚಿತ್ರಕ್ಕೆ ಹೆಚ್ಚು ಬಿಟ್‌ರೇಟ್ (ಸೆಕೆಂಡಿಗೆ ಬಳಸುವ ಡೇಟಾ) ಬೇಕು. 150 ನಿಮಿಷಕ್ಕೆ ಸರಾಸರಿ 30 ಎಂಬಿಪಿಎಸ್ (ಸೆಕೆಂಡಿಗೆ ಮೆಗಾಬಿಟ್) ಕೊಟ್ಟರೆ ಚಿತ್ರಕ್ಕೇ 34 ಜಿಬಿ. ಅಂದರೆ 50 ಜಿಬಿ ಡಿಸ್ಕ್. 25 ಜಿಬಿಯಲ್ಲಿ ಸಿನಿಮಾ, ಸಂದರ್ಶನ, ಟ್ರೇಲರ್ ಎಲ್ಲ ತುರುಕಿದರೆ ಇಷ್ಟು ಹೊತ್ತು ಕಾಪಾಡಿದ ಗ್ರೇನ್ ಚೌಕಚೌಕ ಆಗುತ್ತದೆ. ಧ್ವನಿಗೆ ಗುಣಮಟ್ಟ ಕಳೆಯದ ಎಲ್‌ಪಿಸಿಎಂ ಅಥವಾ ಡಿಟಿಎಸ್-ಎಚ್‌ಡಿ ಮಾಸ್ಟರ್.

ಸಬ್‌ಟೈಟಲ್‌ಗೆ ಇಂಗ್ಲಿಷ್ ಜೊತೆ ಕನ್ನಡವನ್ನೂ ಹಾಕಿ. ಕಿವಿ ಮಂದವಾದ ಹಿರಿಯರಿಗೂ, ಹೊರದೇಶದಲ್ಲಿ ಕನ್ನಡ ಓದು ಕಲಿಯುವ ಮಕ್ಕಳಿಗೂ ಅನುಕೂಲ. ಬ್ಲೂ-ರೇಯಲ್ಲಿ ಸಬ್‌ಟೈಟಲ್ ಸಾಮಾನ್ಯವಾಗಿ ಚಿತ್ರರೂಪದಲ್ಲಿ ಇರುವುದರಿಂದ ಪ್ಲೇಯರ್‌ನಲ್ಲಿ ಕನ್ನಡ ಫಾಂಟ್ ಬೇಕಿಲ್ಲ. ಆದರೆ ಆ ಚಿತ್ರ ತಯಾರಿಸುವ ಸಾಫ್ಟ್‌ವೇರ್ ಒತ್ತಕ್ಷರವನ್ನು ಮುರಿಯಬಹುದು. 'ಸ್ವಾತಂತ್ರ್ಯ', 'ರಾಷ್ಟ್ರ', 'ಅರ್ಘ್ಯ' ಈ ಮೂರು ಪದ ಹಾಕಿ ಮೊದಲೇ ಪರೀಕ್ಷಿಸಿ.

ಡಿಸ್ಕ್ ಯಾವ ದೇಶದ ಪ್ಲೇಯರ್‌ನಲ್ಲಿ ಓಡಬೇಕು ಅಂತ ಬ್ಲೂ-ರೇಯಲ್ಲಿ ವಲಯಗಳಿವೆ: ಭಾರತ ಸಿ ವಲಯ, ಅಮೆರಿಕ ಎ, ಯುರೋಪ್ ಮತ್ತು ಆಸ್ಟ್ರೇಲಿಯ ಬಿ. ಕನ್ನಡಿಗ ಗ್ರಾಹಕರು ಮೂರೂ ಕಡೆ ಇದ್ದಾರೆ, ವಲಯದ ಬೀಗ ಹಾಕಬೇಡಿ. ಕಾರ್ಖಾನೆಯಲ್ಲಿ ಒತ್ತಿಸುವ ಡಿಸ್ಕ್‌ಗೆ ಎಎಸಿಎಸ್ (ನಕಲು ತಡೆಯುವ ಬೀಗ) ರಕ್ಷಣೆಯ ಪರವಾನಗಿ ಕಡ್ಡಾಯ. ಅದರ ಖರ್ಚನ್ನು ಮೊದಲೇ ಬಜೆಟ್ಟಿಗೆ ಸೇರಿಸಿಕೊಳ್ಳಿ.

ಚೆಕ್ ಡಿಸ್ಕ್ (ಪರೀಕ್ಷೆಯ ಪ್ರತಿ) ಬಂದ ಮೇಲೆ ಒಂದೇ ಸಲ ಕೂತು, ಪೂರ್ತಿ, ದೊಡ್ಡ ಟಿವಿಯಲ್ಲಿ ನೋಡಿ. ಟಿವಿಯ ಮೋಷನ್ ಸ್ಮೂತಿಂಗ್ (ಚಲನೆಯನ್ನು ನಯ ಮಾಡುವ ಆಯ್ಕೆ) ಆಫ್ ಇರಲಿ. ಇನ್ನೊಮ್ಮೆ ಅಗ್ಗದ ಪ್ಲೇಯರ್‌ನಲ್ಲಿ ಹಾಕಿ ಅಧ್ಯಾಯಗಳು, ಸಬ್‌ಟೈಟಲ್ ಸರಿಯಾಗಿ ಬದಲಾಗುತ್ತವೆಯೇ ನೋಡಿ.

ಹಂತ 10: ನೆಗೆಟಿವ್ ವಾಪಸ್ ಡಬ್ಬಕ್ಕೆ

ಡಿಸ್ಕ್ ಬಂತು, ಇನ್ನು ನೆಗೆಟಿವ್ ಯಾಕೆ ಅನ್ನುವವರು ಇದ್ದಾರೆ. ಹಾರ್ಡ್ ಡಿಸ್ಕ್ ಕೆಲವೇ ವರ್ಷಗಳಲ್ಲಿ ಕೈಕೊಡಬಹುದು. ತಂಪಾಗಿ, ಒಣಗಿದ ಜಾಗದಲ್ಲಿ ಇಟ್ಟ ಫಿಲ್ಮ್ ದಶಕಗಟ್ಟಲೆ ಇರುತ್ತದೆ. ತುಕ್ಕು ಹಿಡಿದ ತಗಡಿನ ಡಬ್ಬ ಬಿಟ್ಟು, ಗಾಳಿ ಆಡುವ ಪಾಲಿಪ್ರೊಪಿಲೀನ್ ಡಬ್ಬಕ್ಕೆ ಬದಲಿಸಿ. ಮನೆಯಲ್ಲಿ ತಂಪು ಕೋಣೆ ಇಲ್ಲದಿದ್ದರೆ ಪುಣೆಯ ಸಂಗ್ರಹಾಲಯದವರ ಜೊತೆ ಮಾತಾಡಿ. ಡಬ್ಬದೊಳಗಿದ್ದ ಹಳೆ ಲ್ಯಾಬ್ ಚೀಟಿಗಳ ಫೋಟೊ ತೆಗೆದು, ಚೀಟಿಗಳನ್ನು ಬೇರೆ ಲಕೋಟೆಯಲ್ಲಿ ಇಡಿ, ಆ ಕಾಗದದ ಆಮ್ಲ ಫಿಲ್ಮಿಗೆ ಒಳ್ಳೆಯದಲ್ಲ. ಹೊಸ ಡಬ್ಬದ ಮೇಲೆ ಚಿತ್ರದ ಹೆಸರು, ರೀಲು ಸಂಖ್ಯೆ, ಸ್ಕ್ಯಾನ್ ಮಾಡಿದ ತಾರೀಕು, ಕಚ್ಚಾ ಸ್ಕ್ಯಾನ್ ಇರುವ ಎಲ್‌ಟಿಒ ಟೇಪಿನ ಸಂಖ್ಯೆ ಬರೆಯಿರಿ. ಅದೇ ಪಟ್ಟಿಯ ಒಂದು ಪ್ರತಿ ಹಕ್ಕಿನ ಕಾಗದಗಳ ಫೈಲಿನಲ್ಲೂ ಇರಲಿ.